ಬಲಗಣ್ಣಿನ ಒಂಬತ್ತರಿಂದ ಹನ್ನೆರಡು

ಮರುನೀರಿನ ಅರವತ್ತೊಂದನೆಯ ವರುಷ, ಐದನೆಯ ತಿಂಗಳು, ಮೂವತ್ತೊಂಬತ್ತನೆಯ ದಿನ
ಅಕ್ಕಿಗಿರಣಿ ಕಣ್ಣುಮನೆ, ತುಂಗಭದ್ರೆಯ ಎಡದಂಡೆ

ನಮಗಿಂತ ಎಂಟು ತಲೆಮಾರು ಹಿಂದೆ ಬದುಕುತ್ತಿರುವ ನಿಮಗೆ ಹುಲಿಗೆಮ್ಮನ ಶರಣು.

ತಿಂಗಳಿಗೆ ಮೂವತ್ತೊಂಬತ್ತನೆಯ ದಿನ ಎಲ್ಲಿಂದ ಬಂತೆಂದು ನಿಮಗೆ ಅನಿಸಬಹುದು. ಬತ್ತಿಹೋಗಿದ್ದ ಹೊಳೆ ಮತ್ತೆ ಹರಿದ ವರುಷದಿಂದ ನಾವು ಕಾಲವನ್ನು ಎಣಿಸುತ್ತೇವೆ. ಅದಕ್ಕೇ ಮರುನೀರು ಎನ್ನುವುದು. ನಮಗೆ ವರುಷಕ್ಕೆ ಒಂಬತ್ತು ತಿಂಗಳು, ತಿಂಗಳಿಗೆ ನಲವತ್ತು ದಿನ. ಉಳಿಯುವ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ, ಆಗ ಯಾರೂ ಕೆಲಸ ಮಾಡುವುದಿಲ್ಲ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ಇನ್ನೂರ ಹದಿನೆಂಟು ಎಂದು ನಮ್ಮ ಶಾಲೆಯ ಮೇಷ್ಟರು ಹೇಳಿದರು. ನಿಮ್ಮ ಕಾಲದ ಕನ್ನಡವನ್ನು ನಾನು ಈ ಗಿರಣಿಯಲ್ಲಿ ಸಿಕ್ಕ ಹಳೆಯ ಕಾಗದಗಳಿಂದ ಕಲಿತವಳು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ದಯವಿಟ್ಟು ಮನ್ನಿಸಬೇಕು.

ಕೆಲಸ ಬಿಟ್ಟು ಹೋಗುವವರು ಒಂದು ಹಿಂದೋಲೆ ಬರೆಯುವುದು ನಮ್ಮಲ್ಲಿ ರೂಢಿ. ಹಿಂದೋಲೆ ಎಂದರೆ ತನಗಿಂತ ಮೊದಲು ಅದೇ ಕೆಲಸ ಮಾಡಿದವರಿಗೆ ಬರೆಯುವ ಪತ್ರ. ಅದು ತಲುಪುತ್ತದೆ ಎಂದು ಯಾರೂ ನಂಬಿಲ್ಲ, ಆದರೂ ಎಲ್ಲರೂ ಬರೆಯುತ್ತಾರೆ. ನಾನು ಮೂವತ್ತು ವರುಷ ಇಲ್ಲಿ ನಿದ್ದೆಗಾವಲು ಆಗಿದ್ದೆ. ಕಣ್ಣಿನ ಡಾಕ್ಟರು ಮಗುವಿನ ಕಣ್ಣು ನೋಡುವಾಗ ಮಗುವಿಗೆ ಮದ್ದು ಕೊಟ್ಟು ಮಲಗಿಸಿ, ತಲೆಯ ಹತ್ತಿರ ಕುಳಿತು, ಅದು ಏಳುವ ತನಕ ಅದರ ಉಸಿರು ಕಾಯುವವಳು ನಾನು. ಈಗ ನನ್ನ ಕಿವಿ ಮಂದವಾಗಿದೆ. ಉಸಿರು ಕೇಳದವಳು ಆ ಜಾಗದಲ್ಲಿ ಕೂರಬಾರದು.

ನಮ್ಮ ದಿನ ನಿಮ್ಮ ದಿನದಂತಿಲ್ಲ. ಬಿಸಿಲು ಏರುವ ಮೊದಲೇ ಕೆಲಸವೆಲ್ಲ ಮುಗಿಯಬೇಕು. ಹೊತ್ತು ನೆತ್ತಿಗೆ ಬಂದಾಗ ಊರೆಲ್ಲ ನೆಲಮಾಳಿಗೆಗೆ ಇಳಿಯುತ್ತದೆ. ನವಣೆ ರೊಟ್ಟಿ, ಕೆರೆಯ ಮೀನು, ಹುಣಸೆ ಚಿಗುರು ನಮ್ಮ ಊಟ. ದೂರದವರು ಒಂಟೆಗಾಡಿಯಲ್ಲಿ ಬರುತ್ತಾರೆ. ಕಣ್ಣುಮನೆ ಒಂದು ಕಾಲಕ್ಕೆ ಅಕ್ಕಿ ಗಿರಣಿಯಾಗಿತ್ತು. ಭತ್ತ ಸುರಿಯುತ್ತಿದ್ದ ಕೋಣೆಯ ಕಿಟಕಿಗಳಿಗೆ ಮಣ್ಣು ಮೆತ್ತಿ ಕತ್ತಲು ಮಾಡಿಕೊಂಡಿದ್ದೇವೆ, ಏಕೆಂದರೆ ಕಣ್ಣಿನ ಒಳಗನ್ನು ನೋಡಲು ಕತ್ತಲು ಬೇಕು. ನಿದ್ದೆಮದ್ದು ಮಾತ್ರ ಇಲ್ಲಿ ಹುಟ್ಟುವುದಿಲ್ಲ. ಕರಾವಳಿಯಿಂದ ಮೂರು ತಿಂಗಳಿಗೊಮ್ಮೆ ಗಾಜಿನ ಸೀಸೆಗಳಲ್ಲಿ ಬರುತ್ತದೆ. ಒಂದು ಸೀಸೆಯ ಬಾಯಿ ತೆರೆದರೆ ಆ ದಿನವೇ ಮುಗಿಸಬೇಕು, ನಾಲ್ಕು ಮಕ್ಕಳಿಗೆ ಸಾಲುತ್ತದೆ. ಸೀಸೆಗಳನ್ನು ಹಂಚುವವರು ಊರ ಪಂಚರು.

ಮಕ್ಕಳನ್ನು ಮಲಗಿಸಿ ಏಕೆ ನೋಡಬೇಕು ಎಂದು ತಾಯಂದಿರು ಕೇಳುತ್ತಾರೆ. ನಿಮ್ಮಲ್ಲೂ ಕೇಳುತ್ತಿರಬಹುದು. ಒಂದೂವರೆ ವರುಷದ ಮಗು ದೀಪದ ಮುಂದೆ ಕಣ್ಣು ತೆರೆದು ಸುಮ್ಮನಿರುವುದಿಲ್ಲ. ಕಣ್ಣಿನೊಳಗಿನ ಗಂಟು ಮೊದಲಿಗೆ ಸಾಸಿವೆಯಷ್ಟಿರುತ್ತದೆ, ಮತ್ತು ಅದು ಒಳಗೋಡೆಯ ಅಂಚಿನಲ್ಲಿ ಅಡಗಿರಬಹುದು. ಅಂಚು ಕಾಣಬೇಕಾದರೆ ಕಣ್ಣುಗುಡ್ಡೆಯನ್ನು ಹೊರಗಿನಿಂದ ಒಂದು ಮೊಂಡು ಕಡ್ಡಿಯಿಂದ ಮೆಲ್ಲಗೆ ಒತ್ತಬೇಕು. ಒಳಗೋಡೆಯನ್ನು ಗಡಿಯಾರದ ಮುಖದಂತೆ ಹನ್ನೆರಡು ಪಾಲು ಮಾಡಿಕೊಂಡು, ಹನ್ನೆರಡರಿಂದ ಹೊರಟು ಸುತ್ತ ನೋಡಿ ಮತ್ತೆ ಹನ್ನೆರಡಕ್ಕೆ ಬರಬೇಕು. ಹೀಗೆ ಎರಡೂ ಕಣ್ಣು.

ಮೂವತ್ತೇಳನೆಯ ವರುಷ ಹನುಮವ್ವ ಎಂಬ ಹೆಂಗಸು ಐದು ದಿನದ ಗಾಡಿ ದಾರಿ ಸವೆಸಿ ಮಗಳನ್ನು ಕರೆತಂದಳು. ಮಗಳ ಹೆಸರು ಅಮರಮ್ಮ, ಎರಡು ತುಂಬಿರಲಿಲ್ಲ. ಸಂಜೆ ದೀಪ ಹಚ್ಚಿದಾಗ ಮಗುವಿನ ಎಡಗಣ್ಣು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುತ್ತದೆ ಎಂದಳು. ನೆರೆಯವರು ದೃಷ್ಟಿ ತೆಗೆದರು, ದೇವರ ಅಂಗಾರ ಹಚ್ಚಿದರು. ಕೊನೆಗೆ ಅವಳೇ ಹಟ ಹಿಡಿದು ಹೊರಟು ಬಂದಿದ್ದಳು.

ಆಗಿನ ಡಾಕ್ಟರು ಮೌಲಾಸಾಬರು. ಅರವತ್ತು ದಾಟಿದವರು, ಮಿತಭಾಷಿ, ಕೈ ಬಹಳ ಹಗುರ. ಆ ದಿನ ಸೀಸೆ ಒಂದೇ ಇತ್ತು, ಅಮರಮ್ಮ ನಾಲ್ಕನೆಯವಳು. ಮದ್ದಿಗೆ ಹೊಟ್ಟೆ ಖಾಲಿ ಇರಬೇಕೆಂದು ಬೆಳಗಿನಿಂದ ಹಾಲಿಲ್ಲದೆ ಅತ್ತು ಅತ್ತು ಅವಳ ದನಿ ಬಿದ್ದಿತ್ತು. ನಾನು ಉಳಿದಿದ್ದ ಮದ್ದನ್ನು ಕೊಟ್ಟು, ಎದೆಯ ಮೇಲೆ ಕೊಳವೆ ಇಟ್ಟು, ಅದರ ಇನ್ನೊಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿಕೊಂಡೆ. ಬೆರಳಿಗೆ ಹಾಕುವ ದೀಪವೊಂದು ನಿಮ್ಮ ಕಾಲದ್ದು ನಮ್ಮಲ್ಲಿತ್ತು, ರಕ್ತದಲ್ಲಿ ಗಾಳಿ ಕಡಿಮೆಯಾದರೆ ಕೂಗುವಂಥದು. ಅದು ಆ ವರುಷ ಕೆಟ್ಟು ಕೂತಿತ್ತು.

ಎಡಗಣ್ಣಿನೊಳಗೆ ಗಂಟು ತುಂಬಿಕೊಂಡಿತ್ತು. ಆ ಕಣ್ಣನ್ನು ತೆಗೆಯದೆ ಮಗು ಉಳಿಯುವುದಿಲ್ಲ ಎಂದು ಮೌಲಾಸಾಬರು ಮೆಲ್ಲಗೆ ಹೇಳಿ ಬಲಗಣ್ಣಿಗೆ ಬಂದರು. ಹನ್ನೆರಡು, ಒಂದು, ಎರಡು ಎನ್ನುತ್ತಾ ಹೋದರು. ಒಂಬತ್ತಕ್ಕೆ ಬಂದಾಗ ನನ್ನ ಕಿವಿಯಲ್ಲಿ ಉಸಿರು ನಿಂತಿತು.

ಅದನ್ನು ಹೇಗೆ ಹೇಳಲಿ. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಆದರೆ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಜೊಲ್ಲು ಇಳಿದು ಗಂಟಲು ಬಿಗಿದುಕೊಂಡಿತ್ತು. "ಬಿಡ್ರಿ ಸಾಬರ, ಬಿಡ್ರಿ" ಎಂದೆ. ಅವರು ಕಡ್ಡಿ ತೆಗೆದು ಹಿಂದೆ ಸರಿದರು. ಮಗುವಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ನಾನು ಜೊಲ್ಲು ಒರೆಸಿ, ದವಡೆ ಮುಂದಕ್ಕೆ ಎತ್ತಿ ಹಿಡಿದು, ಉಸಿರು ತುಂಬುವ ಮುಖವಾಡ ಒತ್ತಿ ಅದರ ಗಾಳಿಚೀಲ ಹಿಂಡಿದೆ. ಬಹಳ ಹೊತ್ತಿನ ಮೇಲೆ ಒಂದು ಕೀರಲು ಸದ್ದು ಬಂತು. ಆಮೇಲೆ ಇನ್ನೊಂದು. ಮಗು ಕೆಮ್ಮಿತು, ಅತ್ತಿತು. ನಾನು ಅಷ್ಟು ಚಂದದ ಅಳು ಎಂದೂ ಕೇಳಿರಲಿಲ್ಲ.

ಮದ್ದು ಮುಗಿದಿತ್ತು. ಮೌಲಾಸಾಬರು ಹಣೆಯ ದೀಪ ಬಿಚ್ಚಿ ಗೋಡೆಗೆ ಒರಗಿದರು. ದಫ್ತರ ಬರೆಯುವುದು ನನ್ನ ಕೆಲಸ. ಎಡಗಣ್ಣಿನದು ಬರೆದೆ. ಬಲಗಣ್ಣಿಗೆ ಬಂದಾಗ ತಲೆಯೆತ್ತಿ ನೋಡಿದೆ.

"ನೋಡಿದಷ್ಟು ಸ್ವಚ್ಛ ಐತಿ. ಉಳಿದದ್ದೂ ಹಾಂಗ ಇರಬೇಕು" ಎಂದರು. ದಫ್ತರದ ಕಡೆ ಕೈ ತೋರಿಸಿ, "ಬರಿ" ಎಂದರು.

ನಾನು 'ಬಲಗಣ್ಣು ಸ್ವಚ್ಛ' ಎಂದು ಬರೆದೆ. ಎರಡೇ ಪದ.

ನೋಡಿಲ್ಲ ಎಂದು ಬರೆದಿದ್ದರೆ ಮೂರು ವಾರದೊಳಗೆ ಮತ್ತೆ ಮಲಗಿಸಬೇಕಿತ್ತು, ಪಂಚರಲ್ಲಿ ಇನ್ನೊಂದು ಪಾಲು ಮದ್ದು ಕೇಳಬೇಕಿತ್ತು, ಆಗಷ್ಟೇ ನೇರಳೆಯಾಗಿದ್ದ ಆ ತುಟಿಗಳನ್ನು ಮತ್ತೊಮ್ಮೆ ನೋಡಬೇಕಿತ್ತು. ಇವು ಕಾರಣಗಳು, ನೆಪಗಳೂ ಹೌದು. ಇನ್ನೊಂದು ಇದೆ, ಅದನ್ನು ಈ ಪತ್ರದಲ್ಲಿ ಬಚ್ಚಿಟ್ಟರೆ ಬರೆದೂ ಪ್ರಯೋಜನವಿಲ್ಲ. ಹನುಮವ್ವ ಹೊರಗೆ ಬಾಗಿಲ ಬಳಿ ನಿಂತಿದ್ದಳು. ಒಂದು ಕಣ್ಣು ಹೋಗುತ್ತದೆ ಎಂಬ ಮಾತು ಅವಳಿಗೆ ಹೇಳಬೇಕಾಗಿದ್ದವಳು ನಾನು. ಅದರ ಜೊತೆಗೆ ಕೊಡಲು ಏನಾದರೂ ಒಳ್ಳೆಯದು ನನಗೆ ಬೇಕಿತ್ತು. ಅವಳ ಕೈ ಹಿಡಿದು, "ಬಲಗಣ್ಣು ಚಲೋ ಐತವ್ವಾ, ಅದಕ್ಕ ಏನೂ ಆಗಿಲ್ಲ" ಎಂದೆ. ಅವಳು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಎರಡು ದಿನದ ಮೇಲೆ ಎಡಗಣ್ಣು ತೆಗೆದರು. ಬಲಗಣ್ಣು ಸ್ವಚ್ಛ ಎಂದು ದಫ್ತರದಲ್ಲಿ ಇದ್ದುದರಿಂದ ಮುಂದಿನ ನೋಟಕ್ಕೆ ಅವಸರವಿಲ್ಲದ ದಿನ ಸಿಕ್ಕಿತು. ತಾಯಿ ಮಗಳು ಊರಿಗೆ ಹೋದ ಮೇಲೆ ಹೊಳೆ ತುಂಬಿ ದಾರಿ ಮುಳುಗಿತು. ದಾರಿ ತೆರೆದಾಗಲೂ ಅವರು ಹೊರಡಲು ಆತುರಪಡಲಿಲ್ಲ. ಅವರು ಬಂದಾಗ ಎಂಟು ತಿಂಗಳು ಕಳೆದಿತ್ತು. ನಮ್ಮ ಉದ್ದನೆಯ ತಿಂಗಳುಗಳು. ಮಗು ಗೋಡೆ ತಡವುತ್ತಾ ಒಳಗೆ ಬಂತು.

ದೀಪ ಹಿಡಿದಾಗ ಬಲಗಣ್ಣು ಬೆಳ್ಳಗೆ ಹೊಳೆಯಿತು. ಮಲಗಿಸಿ ನೋಡಿದೆವು. ಗಂಟು ಹುಟ್ಟಿದ ಜಾಗ ಒಂಬತ್ತು ಮತ್ತು ಹನ್ನೆರಡರ ನಡುವೆ, ಅಂಚಿನಲ್ಲಿ. ಅಲ್ಲಿಂದ ಕಣ್ಣು ತುಂಬ ಹಬ್ಬಿತ್ತು. ಮೌಲಾಸಾಬರು ದಫ್ತರದ ಹಳೆಯ ಹಾಳೆ ತೆರೆದು ನನ್ನ ಬರಹ ಓದಿದರು.

"ಬರೆದಾಕಿ ನೀನು, ಬರೆಸಿದವ ನಾನು. ಇಬ್ಬರೂ ಹೊತ್ಕೊಂಡು ಹೋಗೂಣು" ಎಂದರು. ಅವರು ಸಾಯುವವರೆಗೂ ಆ ಮಾತು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹನುಮವ್ವ ಬೈಯಲಿಲ್ಲ. ನನ್ನನ್ನೇ ನೋಡುತ್ತಾ, ಯಾವುದೋ ತಪ್ಪು ತಿದ್ದಿಸಿಕೊಳ್ಳುವವಳಂತೆ ಕೇಳಿದಳು: "ನೀವ ಹೇಳಿದ್ರಲ್ಲವ್ವ, ಬಲಗಣ್ಣು ಚಲೋ ಐತಿ ಅಂತ. ಅದಕ್ಕ ನಾವು ಲಗೂನ ಬರಲಿಲ್ಲ. ನಾವು ಬರಬೇಕಾಗಿತ್ತೇನು?"

ಆಗ ಹೇಳಬೇಕಿತ್ತು. ನಾನು ಬಾಯಿ ಬಿಡಲಿಲ್ಲ. ಅವಳು ತಡವಾಗಿ ಬಂದ ಪಾಪ ತನ್ನದೇ ಎಂದುಕೊಂಡು ಹೋದಳು, ಹಾಗೆಯೇ ಅಂದುಕೊಂಡು ಸತ್ತಳು ಎಂದು ಆಮೇಲೆ ಕೇಳಿದೆ.

ಬಲಗಣ್ಣು ತೆಗೆಯುವ ಬೆಳಿಗ್ಗೆ ನಾನು ಮಗುವಿನ ತಲೆಯ ಹಿಂದೆ ಕುಳಿತು ಮುಖದ ಮೇಲೆ ಬಾಗಿದೆ. ಆ ಕಣ್ಣಿನಲ್ಲಿ ಇನ್ನೂ ಸ್ವಲ್ಪ ನೋಟ ಉಳಿದಿತ್ತು. ಮಗು ಕೈ ಎತ್ತಿ ನನ್ನ ಮೂಗುತಿ ಮುಟ್ಟಿತು. ಆಮೇಲೆ ಮದ್ದು ಏರಿತು.

ಅಂದಿನಿಂದ ನಾನು ಸಾವಿರಕ್ಕೂ ಹೆಚ್ಚು ಮಕ್ಕಳ ಉಸಿರು ಕಾದಿದ್ದೇನೆ. ಹೊಸ ಮಗು ಮಲಗಿ ಉಸಿರು ಒಂದು ಲಯಕ್ಕೆ ಬಂದ ಕೂಡಲೇ, ಆ ಲಯದ ಒಳಗೆ ಇನ್ನೊಂದು ಉಸಿರು ಕೇಳುತ್ತಿತ್ತು, ಸ್ವಲ್ಪ ಹಿಂದೆ, ನಿಲ್ಲಲು ಹವಣಿಸುತ್ತಿರುವಂಥದು. ಅಡುಗೆ ಮಾಡುವಾಗಲೂ ಕೇಳುತ್ತಿತ್ತು. ನನ್ನ ಗಂಡ ಬದುಕಿದ್ದಾಗ ಅವನ ಪಕ್ಕದಲ್ಲಿ ಮಲಗಿ ಅವನ ಉಸಿರನ್ನು ಎಣಿಸುತ್ತಿದ್ದೆ. ಕಿವಿ ಮಂದವಾದ ಮೇಲೆ ಹೊರಗಿನ ಸದ್ದು ಕಡಿಮೆಯಾಗಿದೆ, ಅದೊಂದು ಮಾತ್ರ ಕಡಿಮೆಯಾಗಿಲ್ಲ.

ಐವತ್ತೆಂಟನೆಯ ವರುಷ, ಹೊಳೆಯಂಚಿನ ದಾರಿಯಿಂದ ಒಬ್ಬ ಕುರುಡು ಹೆಂಗಸು ಎದೆಗೆ ಕೂಸು ಕಟ್ಟಿಕೊಂಡು ಬಂದಳು. ಗಂಡ ಗಾಡಿಯಲ್ಲೇ ಉಳಿದ. ಕೂಸಿಗೆ ಐದು ವಾರ. ಹೆಸರು ಕೇಳಿದೆ.

"ಕೂಸಿನ ಹೆಸರು ಸೂಗಮ್ಮ. ನಾನು ಅಮರಮ್ಮ. ಹನುಮವ್ವನ ಮಗಳು."

ಈ ಗಂಟು ಎರಡೂ ಕಣ್ಣಿಗೆ ಬಂದವರಲ್ಲಿ ಅದು ರಕ್ತದಲ್ಲಿ ಇಳಿದು ಮಕ್ಕಳಿಗೆ ಬರಬಹುದು. ಯಾರೋ ಅವಳಿಗೆ ಅದನ್ನು ತಿಳಿಸಿದ್ದರು. ಹುಟ್ಟಿದ ಕೂಡಲೇ ತೋರಿಸಬೇಕೆಂದು ಬಂದಿದ್ದಳು. ನಾನು ನೀರು ಕೊಟ್ಟೆ. ಕುಡಿದು ಚೊಂಬು ಕೆಳಗಿಟ್ಟು, ಅವಳು ಯಾರಿಗೋ ಕನಸು ಹೇಳುವಂತೆ ಹೇಳಿದಳು: "ನಂಗ ಒಂದು ಮುಖ ನೆನಪೈತಿ. ಬ್ಯಾರೆ ಏನೂ ನೆನಪಿಲ್ಲ, ಅವ್ವನ ಮುಖ ಸೈತ ಇಲ್ಲ. ಆ ಮುಖ ತಲಿಕೆಳಗ ಐತಿ. ಬಾಯಿ ಮ್ಯಾಲ, ಕಣ್ಣು ಕೆಳಗ. ಮೂಗಿನ್ಯಾಗ ಏನೋ ಹೊಳಿತೈತಿ. ದೆವ್ವ ಅಂತಿದ್ರು ಊರಾಗ."

ತಲೆಯ ಹಿಂದೆ ಕುಳಿತವಳ ಮುಖ ಮಲಗಿದ ಮಗುವಿಗೆ ತಲೆಕೆಳಗಾಗಿ ಕಾಣುತ್ತದೆ. "ಅದು ನಾನು" ಎಂದೆ. ಆಮೇಲೆ ನಿಲ್ಲಿಸಲಾಗಲಿಲ್ಲ. ಒಂಬತ್ತರಿಂದ ಹನ್ನೆರಡರವರೆಗೆ ನೋಡದೆ ಬಿಟ್ಟದ್ದು, ದಫ್ತರದಲ್ಲಿ ಬರೆದದ್ದು, ಅವಳ ತಾಯಿಗೆ ಹೇಳಿದ್ದು, ಹೇಳದೇ ಉಳಿದದ್ದು, ಎಲ್ಲವನ್ನೂ ಹೇಳಿದೆ. ಅವಳು ಕೂಸಿನ ಬೆನ್ನು ತಟ್ಟುತ್ತಲೇ ಕೇಳಿದಳು.

"ನಮ್ಮವ್ವ ಪ್ರತಿ ಅಮಾಸಿ ಉಪವಾಸ ಮಾಡ್ತಿದ್ಲು. ತಡಾ ಮಾಡಿ ಬಂದೆ ಅಂತ" ಎಂದಳು. ಎದೆಗೆ ಕಟ್ಟಿದ್ದ ಕೂಸನ್ನು ಬಿಚ್ಚಿ ಮಡಿಲಿಗೆ ಹಾಕಿಕೊಂಡಳು. ಕೊನೆಗೆ, "ನನ್ನ ಕೂಸಿಗೆ ನೀವ ಕೂಡ್ರಿ. ಬ್ಯಾರೆಯವರು ಬ್ಯಾಡ. ನಾನೂ ಒಳಗ ಇರ್ತೀನಿ" ಎಂದಳು.

ಮೌಲಾಸಾಬರ ಶಿಷ್ಯೆ ಚನ್ನಬಸಮ್ಮ ಆ ಹೊತ್ತಿಗೆ ನಮ್ಮ ಡಾಕ್ಟರಾಗಿದ್ದಳು. ತಾಯಿ ಒಳಗಿರುವ ಪದ್ಧತಿ ಇರಲಿಲ್ಲ, ಆದರೂ ಅವಳು ಒಪ್ಪಿದಳು. ಅಮರಮ್ಮ ಕತ್ತಲ ಕೋಣೆಯಲ್ಲಿ ನಮಗಿಂತ ಸಲೀಸಾಗಿ ನಡೆದು ಬಂದು ಕೂಸಿನ ಪಾದ ಹಿಡಿದು ನಿಂತಳು. ಅಷ್ಟು ಎಳೆಯ ಕೂಸಿಗೆ ನಿದ್ದೆಮದ್ದು ಕೊಡುವುದು ಎಂದರೆ ಹಗ್ಗದ ಮೇಲೆ ನಡೆದಂತೆ. ನಾನು ಹನಿ ಹನಿಯಾಗಿ ಎಣಿಸಿ ಸೂಜಿ ಏರಿಸಿದೆ.

ಬಲಗಣ್ಣು ಪೂರ್ತಿ ನೋಡಿದೆವು. ಚನ್ನಬಸಮ್ಮ ಒಂದೊಂದು ಪಾಲನ್ನೂ ಗಟ್ಟಿಯಾಗಿ ಹೇಳಿದಳು, ಒಂದೊಂದಕ್ಕೂ ಅಮರಮ್ಮ ಹೂಂಗುಟ್ಟಿದಳು. ಎಲ್ಲ ಸ್ವಚ್ಛ. ಎಡಗಣ್ಣಿನಲ್ಲಿ ಆರರ ಹತ್ತಿರ ಕಡ್ಡಿ ಒತ್ತಿದಾಗ ಕೂಸಿನ ಎದೆಬಡಿತ ಇದ್ದಕ್ಕಿದ್ದಂತೆ ನಿಧಾನವಾಯಿತು. ಕಣ್ಣು ಒತ್ತಿದರೆ ಎಳೆಯ ಮಕ್ಕಳಿಗೆ ಹಾಗಾಗುವುದುಂಟು.

"ಕಡ್ಡಿ ತೆಗಿ" ಎಂದೆ.

ತೆಗೆದಳು. ಬಡಿತ ಮೆಲ್ಲಗೆ ಮರಳಿತು. ಮತ್ತೆ ಒತ್ತಿದಳು, ಮತ್ತೆ ಇಳಿಯಿತು, ಈ ಸಲ ಇನ್ನೂ ಆಳಕ್ಕೆ.

"ಇನ್ನ ಅರ್ಧ ಉಳದೈತಿ ಅಕ್ಕಾ. ಒಂದು ಕೈ ನೋಡಿಬಿಡ್ತೀನಿ" ಎಂದಳು ಚನ್ನಬಸಮ್ಮ.

ನಿಲ್ಲಿಸಿದರೆ ಏನಾಗಬಹುದು ಎಂಬುದು ಪಾದ ಹಿಡಿದು ನನ್ನ ಎದುರಿಗೇ ನಿಂತಿತ್ತು. ನಿಲ್ಲಿಸದಿದ್ದರೆ ಏನಾಗುತ್ತದೆ ಎಂಬುದು ನನ್ನ ಕಿವಿಯಲ್ಲಿತ್ತು. "ಬ್ಯಾಡ. ಇವತ್ತಿಗೆ ಸಾಕು" ಎಂದೆ.

ಅಮರಮ್ಮ ಕೇಳಿದಳು: "ಎಷ್ಟು ಉಳೀತು?"

"ಎಡಗಣ್ಣು, ಆರರಿಂದ ಹನ್ನೆರಡು."

"ಬರೀರಿ. ಬರದು ನಂಗ ಓದಿ ಹೇಳ್ರಿ."

'ಎಡಗಣ್ಣು, ಆರರಿಂದ ಹನ್ನೆರಡು ನೋಡಿಲ್ಲ' ಎಂದು ಬರೆದು ಓದಿದೆ. ಇನ್ನೊಮ್ಮೆ ಓದಿಸಿದಳು.

ಹದಿನೈದು ದಿನದ ಮೇಲೆ ಮತ್ತೆ ನೋಡಬೇಕಿತ್ತು. ಉಳಿದಿದ್ದ ಸೀಸೆ ಬೇರೆ ಊರಿನ ಮಕ್ಕಳಿಗೆ ಮೀಸಲಾಗಿತ್ತು, ಅದರಲ್ಲಿ ಜಾಗವಿರಲಿಲ್ಲ. ನಾನು ಪಂಚರ ಮುಂದೆ ಹೋದೆ. ಹಿರಿಯ ಪಂಚ ಹಾಳೆ ತಿರುವಿ, "ಒಮ್ಮೆ ನೋಡೀರಿ, ಏನೂ ಸಿಕ್ಕಿಲ್ಲ. ಮತ್ಯಾಕ ಮದ್ದು?" ಎಂದರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಕಾಯುತ್ತಿರುವ ಮಕ್ಕಳು ಅವರಿಗೂ ಕಾಣುತ್ತಿದ್ದರು. ನಾನು ಮೂವತ್ತೇಳನೆಯ ವರುಷದ ದಫ್ತರವನ್ನು ಅವರ ಮುಂದೆ ತೆರೆದಿಟ್ಟು, ನನ್ನ ಅಕ್ಷರದ ಮೇಲೆ ಬೆರಳಿಟ್ಟು, ಅಲ್ಲಿ ಕುಳಿತಿದ್ದ ಮೂವತ್ತು ಮಂದಿಯ ಎದುರು ನಡೆದದ್ದನ್ನು ಹೇಳಿದೆ. ಕೆಲವರು ಎದ್ದು ಹೋದರು. ಅವರಲ್ಲಿ ಒಬ್ಬಳು ನನ್ನ ಸೋದರತ್ತೆಯ ಮಗಳು. ಅವಳ ಮೊಮ್ಮಗಳ ಕಣ್ಣನ್ನು ಆ ತಿಂಗಳು ನಾವೇ ನೋಡಿದ್ದೆವು. ಮರುದಿನ ಅವಳು ಬಂದು ದಫ್ತರ ತೋರಿಸು ಎಂದಳು, ತೋರಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೂ ಬಹಳ ಹೊತ್ತು ನೋಡಿದಳು. ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಪಂಚರು ಮದ್ದು ಕೊಟ್ಟರು. ಅದಕ್ಕಾಗಿ ಯಾವ ಮಗುವಿನ ಸರದಿ ಮುಂದೆ ಹೋಯಿತು ಎಂಬುದೂ ನನಗೆ ಗೊತ್ತು. ಆ ಮಗುವಿಗೆ ಏನೂ ಆಗಲಿಲ್ಲ, ಅದು ನಮ್ಮ ಅದೃಷ್ಟ.

ಎರಡನೆಯ ಸಲ ಚನ್ನಬಸಮ್ಮ ಕಡ್ಡಿಯನ್ನು ಕೂದಲೆಳೆಯಷ್ಟು ಒತ್ತುತ್ತಾ, ಬಿಡುತ್ತಾ, ಕಾಯುತ್ತಾ ಸುತ್ತಿದಳು. ಆರು. ಏಳು. ಎಂಟಕ್ಕೆ ಬಂದಾಗ ಅವಳ ದನಿ ನಿಂತಿತು. ಅಮರಮ್ಮ ಹೂಂಗುಟ್ಟಲು ಕಾಯುತ್ತಿದ್ದಳು.

"ಐತಿ" ಎಂದಳು ಚನ್ನಬಸಮ್ಮ. "ಸಾಸಿವಿಗಿಂತ ಸಣ್ಣದು. ಬೆಳ್ಳಗ."

ಅಮರಮ್ಮನ ಮುಖ ಕತ್ತಲಲ್ಲಿ ನನಗೆ ಕಾಣಲಿಲ್ಲ. ಅವಳು ಹಿಡಿದಿದ್ದ ಕೂಸಿನ ಪಾದ ಅಲುಗಿದ್ದು ಮಾತ್ರ ಗೊತ್ತಾಯಿತು. ಆ ಗಂಟನ್ನು ಹೆಪ್ಪುಗಟ್ಟಿಸಿ ಸಾಯಿಸುವ ಮಂಜುಕಡ್ಡಿ ಎಂಬ ಸಾಧನ ನಮ್ಮಲ್ಲಿದೆ. ಸಣ್ಣ ಗಂಟಿಗೆ ಅದು ಸಾಕು. ಅಂದೇ ಮಾಡಿದರು.

ಸೂಗಮ್ಮನಿಗೆ ಈಗ ಮೂರು ವರುಷ. ಎರಡೂ ಕಣ್ಣು ಉಳಿದಿವೆ. ಇದುವರೆಗೆ ಹದಿನಾಲ್ಕು ಸಲ ಮಲಗಿಸಿದ್ದೇವೆ, ಇನ್ನೂ ಮಲಗಿಸಬೇಕು. ಎರಡು ಸಲ ಹೊಸ ಚುಕ್ಕೆ ಸಿಕ್ಕಿತು, ಎರಡನ್ನೂ ಸಾಯಿಸಿದರು. ಹದಿನಾಲ್ಕು ಸಲವೂ ನಾನೇ ಕುಳಿತೆ. ಕಳೆದ ತಿಂಗಳ ನೋಟದ ದಿನ, ನಾನು ಕೆಲಸ ಬಿಡುತ್ತಿದ್ದೇನೆ ಎಂದು ಅಮರಮ್ಮನಿಗೆ ಹೇಳಿದೆ. ಅವಳು ನನ್ನಿಂದ ಏನನ್ನೋ ನಿರೀಕ್ಷಿಸುವಂತೆ ನನ್ನ ಕಡೆ ಮುಖ ಮಾಡಿದಳು. ನಾನು ಕೇಳುವ ಮೊದಲೇ ಉತ್ತರ ಕೊಟ್ಟಳು.

"ಕ್ಷಮಾ ಮಾಡೀನಿ ಅಂತ ತಿಳ್ಕೋಬ್ಯಾಡ್ರಿ. ಅವು ನನ್ನ ಕಣ್ಣಾಗಿದ್ವು. ಅವ್ವನ ಉಪವಾಸ ಬ್ಯಾರೆ. ಆದ್ರ ನಿಮ್ಮ ಜಾಗಕ್ಕ ಬರಾಕಿಗೆ ಬರಿಯೂದು ಕಲಿಸಿ ಹೋಗ್ರಿ."

ಕಲಿಸುತ್ತಿದ್ದೇನೆ. ಉಸಿರು ಕಾಯುವುದನ್ನು ಕಲಿಸುವುದು ಅಷ್ಟು ಕಷ್ಟವಲ್ಲ.

ನಿಮ್ಮಲ್ಲಿ ಮದ್ದು ನಮಗಿಂತ ಹೆಚ್ಚಿರಬಹುದು, ಎಲ್ಲೋ ಒಂದು ಸಣ್ಣ ಊರಿನಲ್ಲಿ ನಮ್ಮಷ್ಟೇ ಇರಬಹುದು. ಅಲ್ಲಿ ಒಬ್ಬರು ಮಗುವಿನ ತಲೆಯ ಬಳಿ ಕುಳಿತಿರುತ್ತೀರಿ, ಒಬ್ಬರು ಕಣ್ಣಿನ ಮೇಲೆ ಬಾಗಿರುತ್ತೀರಿ. ಉಸಿರು ತಪ್ಪಿದರೆ ನಿಲ್ಲಿಸಿ. ನಿಲ್ಲಿಸಿದ್ದಕ್ಕೆ ನಾನು ಎಂದೂ ಪಶ್ಚಾತ್ತಾಪ ಪಟ್ಟಿಲ್ಲ. ಆಮೇಲೆ ಮಗುವಿನ ತುಟಿ ಕೆಂಪಾಗಿ, ಹೊರಗೆ ತಾಯಿ ಕಾಯುತ್ತಿರುವಾಗ, ಅವಳಿಗೆ ಏನಾದರೂ ಒಳ್ಳೆಯದನ್ನು ಹೇಳಬೇಕೆಂದು ನಿಮಗೆ ಬಹಳ ಆಸೆಯಾಗುತ್ತದೆ. ಆ ಹೊತ್ತಿನಲ್ಲಿ ನೋಡದೆ ಉಳಿದದ್ದನ್ನು ನೋಡಿಲ್ಲ ಎಂದು ಬರೆಯಿರಿ. ಅವಳನ್ನು ಕೂರಿಸಿ ಅದನ್ನು ಓದಿ ಹೇಳಿ. ಅವಳು ಅಳುತ್ತಾಳೆ, ಸಿಟ್ಟಾಗುತ್ತಾಳೆ, ಮತ್ತೆ ಬರಬೇಕಾ ಎಂದು ಕೇಳುತ್ತಾಳೆ. ಬರಬೇಕು ಎಂದು ಹೇಳಿ, ಯಾವ ದಿನ ಎಂದೂ ಹೇಳಿ.

ಹುಲಿಗೆಮ್ಮ